ದೆವ್ವ ತೋರಿಸಬೇಡಿ, ಕೇಳಿಸಿ: ಕಡಿಮೆ ಖರ್ಚಿನಲ್ಲಿ ಮಲೆನಾಡಿನ ಹಾರರ್ ಕಿರುಚಿತ್ರ ಮಾಡುವ ಸಮಗ್ರ ಮಾರ್ಗದರ್ಶಿ

ಅಡಿಕೆ ತೋಟದ ಪಕ್ಕದ ಮನೆಯಲ್ಲಿ ಒಂದು ರಾತ್ರಿ ಮಲಗಿದ್ದವರಿಗೆ ಈ ಸದ್ದು ಗೊತ್ತಿರುತ್ತದೆ. ಸುತ್ತ ಜೀರುಂಡೆ ಬಿಟ್ಟರೆ ಬೇರೇನೂ ಇಲ್ಲ. ಎರಡು ಗಂಟೆ ಹೊತ್ತಿಗೆ ತೋಟದಲ್ಲೆಲ್ಲೋ ದೊಪ್ ಅಂತ ಏನೋ ಬೀಳುತ್ತದೆ. ಒಣಗಿ ಕಳಚಿದ ಅಡಿಕೆ ಗರಿ, ಅಂದರೆ ಸೋಗೆ ಅಂತ ತಲೆಗೆ ಗೊತ್ತು, ಆದರೂ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ, ಅಲ್ವಾ? ಆ ಒಂದು ಕ್ಷಣಕ್ಕೆ ಮೇಕಪ್ ಬೇಕಿಲ್ಲ, ಗ್ರಾಫಿಕ್ಸ್ ಬೇಕಿಲ್ಲ, ದುಡ್ಡೂ ಬೇಕಿಲ್ಲ.

ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ನಾವು ಏಳು ಜನ ಸೇರಿ ಮೂರು ಹಾರರ್ ಕಿರುಚಿತ್ರ ಮಾಡಿದೆವು. ಮೊದಲೆರಡರಲ್ಲಿ ದೆವ್ವ ತೋರಿಸಿದೆವು. ಯಾರೂ ಹೆದರಲಿಲ್ಲ. ಮೂರನೆಯದರಲ್ಲಿ ದೆವ್ವವೇ ಇರಲಿಲ್ಲ, ಬರೀ ಸೋಗೆ ಬೀಳುವ ಸದ್ದಿತ್ತು. ಕಾಲೇಜಿನಲ್ಲಿ ತೋರಿಸಿದಾಗ ಮುಂದಿನ ಬೆಂಚಿನವರು ಕಾಲು ಮೇಲೆತ್ತಿ ಕೂತರು. ಆ ಮೂರನೆಯ ಚಿತ್ರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಕಥೆಯಿಂದ ಹಿಡಿದು ಕೊನೆಯ ಫೈಲ್‌ವರೆಗೆ ಹೇಳುತ್ತೇನೆ.

ಕಥೆ: ಒಂದು ಮನೆ, ಒಂದು ರಾತ್ರಿ, ಒಂದು ಭಯ

ಐದಾರು ನಿಮಿಷದ ಚಿತ್ರಕ್ಕೆ ಐದಾರು ಪುಟದ ಸ್ಕ್ರಿಪ್ಟ್ ಸಾಕು. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವುದು ಒರಟು ಲೆಕ್ಕ, ಹಾರರ್‌ನಲ್ಲಿ ಮಾತು ಕಡಿಮೆ ಇರುವುದರಿಂದ ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ. ಶಾಪ, ಹಿಂದಿನ ಜನ್ಮ, ಸೇಡು ಇವೆಲ್ಲ ಐದು ನಿಮಿಷದಲ್ಲಿ ಹಿಡಿಸುವುದಿಲ್ಲ. ಬಿಳಿ ಸೀರೆ, ಗೆಜ್ಜೆ ಸದ್ದು, ತಾನಾಗಿ ತೂಗುವ ಉಯ್ಯಾಲೆಯನ್ನೂ ದಯವಿಟ್ಟು ಬಿಡಿ. ನೋಡುವವರಿಗೆ ಅವು ಬಾಯಿಪಾಠ ಆಗಿವೆ.

ನಿಮಗೇ ನಿಜವಾಗಿ ಭಯ ಹುಟ್ಟಿಸಿದ ಒಂದು ಚಿಕ್ಕ ವಿಷಯ ಹುಡುಕಿ. ಅಟ್ಟದ ಮೇಲಿನ ಸದ್ದಿರಬಹುದು. ರಾತ್ರಿ ಬಚ್ಚಲಿಗೆ ಅಂಗಳ ದಾಟಿ ಹೋಗಬೇಕಾದದ್ದಿರಬಹುದು. ಮಳೆಗಾಲದಲ್ಲಿ ಹಳ್ಳದ ಸಂಕ (ಕಾಲುಸೇತುವೆ) ದಾಟುವಾಗ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸಿದ್ದಿರಬಹುದು. ನಮ್ಮ ಕಥೆ ಇಷ್ಟೇ: ಅಜ್ಜಿ ಇಲ್ಲದ ಮನೆಗೆ ಮೊಮ್ಮಗ ಒಂದು ರಾತ್ರಿ ಕಾವಲಿಗೆ ಬರುತ್ತಾನೆ. ತೋಟದಲ್ಲಿ ಸೋಗೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು, ಈ ಸಲ ಹತ್ತಿರ. ಮೂರನೆಯದು ಅಂಗಳದಲ್ಲಿ, ಅಲ್ಲಿ ಅಡಿಕೆ ಮರವೇ ಇಲ್ಲ. ನಾಲ್ಕನೆಯದು ಅಟ್ಟದ ಮೇಲೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಇದರಲ್ಲಿ ಒಂದು ಕ್ರಮ ಇದೆ ನೋಡಿ. ಮೊದಲ ಸಲ ಸದ್ದಿಗೆ ಕಾರಣ ಇದೆ. ಎರಡನೇ ಸಲ ಇರಬಹುದು. ಮೂರನೇ ಸಲ ಇಲ್ಲ. ಮುಂದಿನದು ಎಲ್ಲಿ ಅನ್ನುವ ಲೆಕ್ಕವನ್ನು ನೋಡುವವರೇ ಮನಸ್ಸಿನಲ್ಲಿ ಹಾಕತೊಡಗುತ್ತಾರೆ. ಸ್ಕ್ರಿಪ್ಟ್ ಬರೆಯುವಾಗ ಪುಟದ ಎಡಕ್ಕೆ ಕಾಣುವುದನ್ನು, ಬಲಕ್ಕೆ ಕೇಳುವುದನ್ನು ಬರೆಯಿರಿ. ಬಲಗಡೆ ಖಾಲಿ ಉಳಿದಿದ್ದರೆ ಆ ದೃಶ್ಯ ಇನ್ನೂ ತಯಾರಾಗಿಲ್ಲ ಅಂತ ಅರ್ಥ.

ಚೌಡಿ, ಭೂತಪ್ಪ, ಜಕಣಿ ಇವರನ್ನು ಕಥೆಗೆ ತರುವ ಆಸೆ ಮಲೆನಾಡಿನವರಿಗೆ ಬಂದೇ ಬರುತ್ತದೆ. ಊರಿನವರಿಗೆ ಅವರು ನಂಬಿದ ದೈವಗಳು, ವರ್ಷಕ್ಕೊಮ್ಮೆ ಹಣ್ಣುಕಾಯಿ ಮಾಡಿಸುವ ಜಾಗಗಳು. ಅವರನ್ನು ದೆವ್ವದ ಪಾತ್ರ ಮಾಡುವುದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಆ ದೈವಗಳ ಬನದೊಳಗೆ ಟ್ರೈಪಾಡ್ ಹಾಕುವುದಂತೂ ಬೇಡವೇ ಬೇಡ.

ಜಾಗ ಮತ್ತು ಕಾಲ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಒಬ್ಬರಿಗೆ ಹಳೆಯ ಹೆಂಚಿನ ಮನೆಯ ನೆಂಟರು ಇದ್ದೇ ಇರುತ್ತಾರೆ. ಜಗುಲಿ, ಕತ್ತಲೆ ಕೋಣೆ, ಅಟ್ಟ, ಕೊಟ್ಟಿಗೆ, ಹಿಂದೆ ತೋಟ. ಇನ್ನೇನು ಬೇಕು? ಹಗಲು ಒಮ್ಮೆ, ರಾತ್ರಿ ಒಮ್ಮೆ ಹೋಗಿ ನೋಡಿ. ರಾತ್ರಿ ಹೋದಾಗ ಹತ್ತು ನಿಮಿಷ ಸುಮ್ನೆ ಕೂತು ಕೇಳಿ. ಮನೆಯವರ ಮಲಗುವ ಹೊತ್ತು, ನಾಯಿ, ಕೊಟ್ಟಿಗೆಯ ದನ, ಎಲ್ಲ ಬರೆದುಕೊಳ್ಳಿ.

ಇದನ್ನು ಮಾಡದೆ ನಮ್ಮ ಎರಡನೆಯ ಚಿತ್ರ ಕೆಟ್ಟಿತು. ಡಿಸೆಂಬರ್‌ನಲ್ಲಿ ಚಳಿ, ಮಂಜು ಚೆನ್ನಾಗಿರುತ್ತದೆ ಅಂತ ಹೋದೆವು. ಅದು ಅಡಿಕೆ ಕೊಯ್ಲಿನ ಕಾಲ. ಪಕ್ಕದ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿಯುವ ಯಂತ್ರ ಓಡುತ್ತಿತ್ತು, ಆಮೇಲೆ ಬೇಯಿಸುವ ಹಂಡೆಯ ಸುತ್ತ ಮಾತು, ನಗು. ಎರಡು ರಾತ್ರಿಯ ಸೌಂಡ್ ಪೂರ್ತಿ ಹಾಳು. ಅವರ ವರ್ಷದ ದುಡಿಮೆ ಅದು, ನಿಲ್ಲಿಸಿ ಅಂತ ಕೇಳುವ ಹಾಗೂ ಇಲ್ಲ. ಹಾಗಾಗಿ ನವೆಂಬರ್‌ನಿಂದ ಜನವರಿವರೆಗೆ ಅಡಿಕೆ ಮನೆಗಳಲ್ಲಿ ಶೂಟಿಂಗ್ ಇಟ್ಟುಕೊಳ್ಳುವ ಮುಂಚೆ ಮನೆಯವರ ಕೆಲಸದ ಲೆಕ್ಕ ಕೇಳಿ. ಜೂನ್‌ನಿಂದ ಆಗಸ್ಟ್ ಜಡಿಮಳೆ, ಹೆಂಚಿನ ಮೇಲಿನ ಸದ್ದಿಗೆ ಮಾತು ಕೇಳುವುದಿಲ್ಲ, ಹೊರಗೆ ಕ್ಯಾಮೆರಾ ತೆಗೆಯುವ ಹಾಗಿಲ್ಲ. ನನ್ನ ಆಯ್ಕೆ ಅಕ್ಟೋಬರ್. ಹಸಿರು ಇನ್ನೂ ಇರುತ್ತದೆ, ಮಳೆ ಬಿಡುವು ಕೊಡುತ್ತದೆ, ಬೆಳಗಿನ ಜಾವ ಮಂಜು ಶುರುವಾಗಿರುತ್ತದೆ.

ಅನುಮತಿ ವಿಷಯ. ಶೆಟ್ಟಿಹಳ್ಳಿಯಂಥ ಅಭಯಾರಣ್ಯ, ಮೀಸಲು ಅರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಶೂಟ್ ಮಾಡಬೇಡಿ. ಕವಲೇದುರ್ಗದಂಥ ಸಂರಕ್ಷಿತ ಕೋಟೆಗೂ ಅದೇ ಮಾತು. ಕೋಟೆ ಕಣ್ಣಿಗೆ ಚೆಂದ, ನಿಜ. ಆದರೆ ವಿದ್ಯಾರ್ಥಿಗಳ ಚಿತ್ರಕ್ಕೆ ಮನೆಯೇ ಒಳ್ಳೆಯದು. ಕೋಟೆಯಲ್ಲಿ ಯಾರೂ ಮಲಗುವುದಿಲ್ಲ, ಮನೆಯಲ್ಲಿ ಎಲ್ಲರೂ ಮಲಗುತ್ತಾರೆ. ರಾತ್ರಿ ಕೆಲಸ ಇದ್ದರೆ ಅಕ್ಕಪಕ್ಕದ ಮನೆಗಳಿಗೆ ಮೊದಲೇ ಹೇಳಿ. ಕಿರುಚುವ ಶಾಟ್ ಇದ್ದರೆ ಹತ್ತಿರದ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ.

ತೋಟ, ಕಾಡಿನ ಅಂಚಿನಲ್ಲಿ ಎಚ್ಚರ

ಇದನ್ನು ಓದದೆ ಮುಂದೆ ಹೋಗಬೇಡಿ. ದರಕಿನ (ಉದುರಿದ ಒಣ ಎಲೆಗಳ) ಮೇಲೆ ಬರಿಗಾಲಲ್ಲಿ ಓಡುವ ಶಾಟ್ ಎಷ್ಟೇ ಚೆನ್ನಾಗಿ ಕಂಡರೂ ರಾತ್ರಿ ಬೇಡ. ಹಾವು ಇರುತ್ತವೆ. ಎಲ್ಲರಿಗೂ ಗಂಬೂಟು, ಎಲ್ಲರ ಕೈಯಲ್ಲೂ ಟಾರ್ಚ್. ನಟ ಬರಿಗಾಲಲ್ಲಿ ಇರಬೇಕಾದರೆ ಹಗಲು ಗುಡಿಸಿದ ಅಂಗಳದಲ್ಲಿ ಪಾದದ ಕ್ಲೋಸಪ್ ಬೇರೆಯಾಗಿ ತೆಗೆಯಿರಿ. ಹಾವಿನ ಔಷಧಿ ಇರುವ ಆಸ್ಪತ್ರೆ ಎಷ್ಟು ದೂರ, ರಾತ್ರಿ ಯಾವ ಗಾಡಿ ಓಡಿಸುವುದು ಅನ್ನುವುದು ಶೂಟಿಂಗ್‌ಗೆ ಮುಂಚೆಯೇ ನಿಕ್ಕಿ ಆಗಿರಬೇಕು.

ಮಂಗನ ಕಾಯಿಲೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ, ಚಳಿಗಾಲದಿಂದ ಬೇಸಿಗೆವರೆಗೆ ಜಾಸ್ತಿ. ಆ ತಿಂಗಳುಗಳಲ್ಲಿ ಕಾಡಂಚಿಗೆ ಹೋಗುವುದಿದ್ದರೆ ಮೊದಲು ಆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ, ದರಕಿನ ಮೇಲೆ ಕೂರಬೇಡಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಹೋಗಿ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲೇಬೇಕು.

ದುಡ್ಡು

ಏಳು ಜನ, ಎರಡು ರಾತ್ರಿ. ನಮಗೆ ಆದದ್ದು 9,400 ರೂಪಾಯಿ. ಊಟ, ಕಾಫಿ 3,200, ಪೆಟ್ರೋಲ್ 1,800, ಬಲ್ಬು, ಹೋಲ್ಡರ್, ವೈರು, ಬಣ್ಣದ ಜಿಲೆಟಿನ್ ಹಾಳೆ ಸೇರಿ 1,100, ಕಾಲರ್ ಮೈಕ್ 900, ಬಟ್ಟೆ ಮತ್ತು ಸಾಮಾನು 900, ಮನೆಯವರಿಗೆ ಕೊಟ್ಟ ಹಣ್ಣು, ಬಟ್ಟೆ 1,000, ಚಿಲ್ಲರೆ 500. ಊಟಕ್ಕೆ ಕಡಿಮೆ ಮಾಡಬೇಡಿ. ರಾತ್ರಿ ಎರಡು ಗಂಟೆಗೆ ಬಿಸಿ ಗಂಜಿ, ಉಪ್ಪಿನಕಾಯಿ ಸಿಕ್ಕಿದರೆ ಗುಂಪು ಬೆಳಗಿನವರೆಗೆ ನಿಲ್ಲುತ್ತದೆ.

ಫೋನ್ ಸಾಕು, ಆದರೆ ಆಟೋ ಬೇಡ

ಈಗಿನ ಸಾಧಾರಣ ಫೋನ್‌ನಲ್ಲೇ ತೆಗೆಯಬಹುದು. ಕತ್ತಲಲ್ಲಿ ಫೋನನ್ನು ಅದರ ಪಾಡಿಗೆ ಬಿಟ್ಟರೆ ಮೂರು ತಪ್ಪು ಮಾಡುತ್ತದೆ: ಫೋಕಸ್ ಹುಡುಕಾಡುತ್ತದೆ, ಕತ್ತಲನ್ನು ಬೆಳಕು ಮಾಡಲು ಹೋಗಿ ಚಿತ್ರದ ತುಂಬ ಕಾಳಿನಂಥ ಚುಕ್ಕೆ ಎಬ್ಬಿಸುತ್ತದೆ, ಫ್ರೇಮ್ ರೇಟನ್ನೂ (ಸೆಕೆಂಡಿಗೆ ತೆಗೆಯುವ ಫ್ರೇಮುಗಳ ಲೆಕ್ಕ) ಇಳಿಸುತ್ತದೆ. ಅದಕ್ಕೆ ಎಲ್ಲವನ್ನೂ ಕೈಯಲ್ಲಿ ಹಿಡಿದು ನಿಲ್ಲಿಸುವ ಆ್ಯಪ್ ಹಾಕಿಕೊಳ್ಳಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಉಚಿತ, ನಿಮ್ಮ ಫೋನ್‌ಗೆ ಅದು ಆಗದಿದ್ದರೆ ಓಪನ್ ಕ್ಯಾಮೆರಾ ನೋಡಿ.

ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್, ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಈ ಲೆಕ್ಕದಲ್ಲಿ ಇಟ್ಟರೆ ಚಿತ್ರದಲ್ಲಿ ಆ ಮಿನುಗು ಕಾಣುವುದಿಲ್ಲ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 800 ದಾಟಿಸಬೇಡಿ. ದಾಟಬೇಕಾಗಿ ಬಂದರೆ ಬೆಳಕು ಸಾಲದು ಅಂತ ಅರ್ಥ, ಬಲ್ಬನ್ನು ಹತ್ತಿರ ತನ್ನಿ. ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎರಡನ್ನೂ ಲಾಕ್ ಮಾಡಿ. ಚಳಿಯಲ್ಲಿದ್ದ ಫೋನನ್ನು ಅಡುಗೆಮನೆಯ ಬಿಸಿಗೆ ತಂದರೆ ಲೆನ್ಸಿಗೆ ಹಬೆ ಕೂರುತ್ತದೆ. ಒಣ ಬಟ್ಟೆ ಜೇಬಲ್ಲಿರಲಿ, ಹತ್ತು ನಿಮಿಷ ಕಾಯುವ ತಾಳ್ಮೆಯೂ ಇರಲಿ.

ಬೆಳಕು ಎಲ್ಲಿಂದ ಬರುತ್ತಿದೆ ಅನ್ನುವುದಕ್ಕೆ ಕಥೆಯಲ್ಲಿ ಕಾರಣ ಇರಬೇಕು. ಲಾಟೀನು ಇದ್ದರೆ ಲಾಟೀನಿನ ಕಡೆಯಿಂದಲೇ ಬೆಳಕು. ಲಾಟೀನಿನ ನಿಜವಾದ ಬೆಳಕು ಫೋನಿಗೆ ಸಾಲುವುದಿಲ್ಲ, ಹಾಗಾಗಿ ಅದೇ ದಿಕ್ಕಿನಲ್ಲಿ ಫ್ರೇಮಿನ ಹೊರಗೆ 9 ವ್ಯಾಟ್ ಎಲ್‌ಇಡಿ ಬಲ್ಬಿಗೆ ಕಿತ್ತಳೆ ಜಿಲೆಟಿನ್ ಹಾಳೆ ಅಡ್ಡ ಹಿಡಿಯಿರಿ. ಮುಖಕ್ಕೆ ಎದುರಿನಿಂದ ಬೆಳಕು ಹಾಕಬೇಡಿ. ಪಕ್ಕದಿಂದ ಹಾಕಿ, ಅರ್ಧ ಮುಖ ಕತ್ತಲಲ್ಲೇ ಇರಲಿ. ಬೆಳಕು ಜಾಸ್ತಿ ಆಯಿತು ಅನ್ನಿಸಿದರೆ ಬಲ್ಬನ್ನು ಗೋಡೆಗೆ ತಿರುಗಿಸಿ, ಅಥವಾ ಥರ್ಮಾಕೋಲ್ ಹಾಳೆಗೆ ಹೊಡೆಸಿ. ಕಾವಿ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆ ಚೂರು ಬೆಳಕೇ ನೆಲದ ಮೇಲೆ ಹರಿದು ಎರಡು ಪಟ್ಟಾಗಿ ಕಾಣುತ್ತದೆ. ಕರೆಂಟ್ ಹೋಗೇ ಹೋಗುತ್ತದೆ. ಚಾರ್ಜ್ ಆಗುವ ಎರಡು ಎಮರ್ಜೆನ್ಸಿ ಬಲ್ಬು ಜೊತೆಗಿರಲಿ.

ತೋಟದ ರಾತ್ರಿಯನ್ನು ಹಗಲಲ್ಲೇ ತೆಗೆಯಿರಿ. ನಾಲ್ಕೂವರೆ ಗಂಟೆ ಬಿಸಿಲಲ್ಲಿ ಸೂರ್ಯ ನಟನ ಹಿಂದೆ ಬರುವ ಹಾಗೆ ನಿಲ್ಲಿಸಿ, ಆಕಾಶ ಫ್ರೇಮಿನೊಳಗೆ ಬಾರದಂತೆ ನೋಡಿಕೊಳ್ಳಿ, ಬಿಸಿಲು ನೀಲಿಯಾಗಿ ಕಾಣಲು ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಳಿಸಿ, ಎಕ್ಸ್‌ಪೋಶರ್ ಎರಡು ಸ್ಟಾಪ್ ಕಡಿಮೆ ಮಾಡಿ, ಅಂದರೆ ಬೆಳಕನ್ನು ಕಾಲು ಭಾಗಕ್ಕೆ ಇಳಿಸಿ. ಅಡಿಕೆ ಮರಗಳ ನಡುವೆ ತೂರಿ ಬಂದ ಬಿಸಿಲಿನ ಚೂರುಗಳು ಬೆಳದಿಂಗಳಾಗುತ್ತವೆ. ಮನೆ ಹೊರಗಿನಿಂದ ಕಾಣುವ ಶಾಟಿಗೆ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಒಳ್ಳೆಯದು, ಆಕಾಶ ನೀಲಿ, ಒಳಗೆ ದೀಪದ ಹಳದಿ. ಅಷ್ಟರಲ್ಲಿ ಒಂದೋ ಎರಡೋ ಶಾಟ್ ಮಾತ್ರ ಆಗುತ್ತದೆ, ಹಗಲೇ ಅಭ್ಯಾಸ ಮಾಡಿಟ್ಟುಕೊಳ್ಳಿ.

ಹೊಗೆ ಬೇಕಾದರೆ ಅಡಿಕೆ ಸಿಪ್ಪೆ. ಹಳೆಯ ಬಾಣಲೆಯಲ್ಲಿ ಕೆಂಡ ಹಾಕಿ ಮೇಲೆ ಸ್ವಲ್ಪ ತೇವದ ಸಿಪ್ಪೆ ಹಾಕಿದರೆ ನಿಧಾನಕ್ಕೆ ಹೊಗೆ ಏಳುತ್ತದೆ. ಬಾಗಿಲು ಹತ್ತು ನಿಮಿಷ ಹಾಕಿ, ತೆಗೆದು, ಹೊಗೆ ತೆಳುವಾದ ಮೇಲೆ ಶಾಟ್ ತೆಗೆಯಿರಿ. ಹೊಗೆ ತುಂಬಿದಾಗ ಒಳಗೆ ಯಾರೂ ಇರಬಾರದು, ಹುಲ್ಲು, ಸೋಗೆ ಹತ್ತಿರ ಕೆಂಡ ಒಯ್ಯಬಾರದು, ಒಂದು ಕೊಡ ನೀರು ಪಕ್ಕದಲ್ಲೇ ಇರಬೇಕು. ರಕ್ತ ಬೇಕಾದರೆ ಜೋನಿ (ದ್ರವ) ಬೆಲ್ಲಕ್ಕೆ ಅಡುಗೆಯ ಕೆಂಪು ಬಣ್ಣ. ಬೆಲ್ಲದ ಕಂದು ಇರುವುದರಿಂದ ಕುಂಕುಮದ ನೀರಿನ ಹಾಗೆ ಕೃತಕವಾಗಿ ಕಾಣುವುದಿಲ್ಲ, ದಪ್ಪಗೆ ನಿಧಾನವಾಗಿ ಇಳಿಯುತ್ತದೆ. ಬಟ್ಟೆಯ ಕಲೆ ಹೋಗುವುದು ಕಷ್ಟ, ಇರುವೆಯೂ ಬೇಗ ಬರುತ್ತದೆ.

ನಟನೆಯಲ್ಲಿ ಕೇಳುವುದೇ ಮುಖ್ಯ

ಹೊಸ ನಟರು ಭಯ ಅಂದ ತಕ್ಷಣ ಕಣ್ಣು ಅಗಲ ಮಾಡುತ್ತಾರೆ. ಹೆದರು ಅಂತ ಹೇಳಬೇಡಿ, ಕೇಳು ಅಂತ ಹೇಳಿ. ನಾವು ಬ್ಲೂಟೂತ್ ಸ್ಪೀಕರನ್ನು ಕಿಟಕಿಯ ಹೊರಗೆ ಇಟ್ಟು ಸೋಗೆಯ ಸದ್ದು ಹಾಕುತ್ತಿದ್ದೆವು. ಇವತ್ತು ಹೀಗೆ ಮಾಡುತ್ತೇವೆ ಅಂತ ನಟನಿಗೆ ಗೊತ್ತು, ಯಾವಾಗ ಅನ್ನುವುದು ಮಾತ್ರ ಗೊತ್ತಿಲ್ಲ. ಅವನು ಅನ್ನ ಕಲಸುತ್ತಿದ್ದ. ಸದ್ದು ಬಂತು. ಕೈ ನಿಂತಿತು. ತಲೆ ಎತ್ತಲಿಲ್ಲ, ಬೆರಳು ಮಾತ್ರ ಅನ್ನದಲ್ಲೇ ನಿಂತವು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕಲಸತೊಡಗಿದ, ಮೊದಲಿಗಿಂತ ನಿಧಾನವಾಗಿ. ಇಡೀ ಚಿತ್ರದಲ್ಲಿ ಎಲ್ಲರಿಗೂ ನೆನಪಿರುವ ಶಾಟ್ ಅದೇ.

ಕ್ಯಾಮೆರಾ ಅಲುಗಾಡಿಸಬೇಡಿ. ನಟನನ್ನು ಫ್ರೇಮಿನ ಒಂದು ಮೂಲೆಗೆ ಇಟ್ಟು ಪಕ್ಕದ ಕತ್ತಲ ಬಾಗಿಲಿಗೆ ಜಾಗ ಬಿಡಿ. ಅಲ್ಲಿ ಏನೂ ಬರಬೇಕಿಲ್ಲ, ನೋಡುವವರ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ನಟ ಫ್ರೇಮಿನಿಂದ ಆಚೆ ಹೋದ ಮೇಲೂ ಹತ್ತು ಎಣಿಸಿ, ಆಮೇಲೆ ಕಟ್ ಹೇಳಿ.

ಸದ್ದು: ಅರ್ಧ ಸಮಯ ಇದಕ್ಕೇ ಕೊಡಿ

ಸೆಟ್ಟಿನಲ್ಲಿ ಫ್ಯಾನ್, ಫ್ರಿಜ್, ಪಂಪ್ ಬಂದ್. ಮರೆಯದ ಹಾಗೆ ಬೈಕಿನ ಕೀಲಿಯನ್ನು ಫ್ರಿಜ್ ಮೇಲೆ ಇಟ್ಟರೆ ಹೋಗುವಾಗ ಮತ್ತೆ ಹಾಕುತ್ತೀರಿ. ಕಾಲರ್ ಮೈಕನ್ನು ಇನ್ನೊಂದು ಫೋನಿಗೆ ಚುಚ್ಚಿ ನಟನ ಜೇಬಿನಲ್ಲಿಡಿ, ಪ್ರತಿ ಶಾಟಿನ ಶುರುವಿಗೆ ಒಂದು ಚಪ್ಪಾಳೆ, ಎಡಿಟಿಂಗ್‌ನಲ್ಲಿ ಎರಡನ್ನೂ ಕೂಡಿಸಲು ಅದೇ ಗುರುತು. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, ಮಾತಿನ ಮಟ್ಟ ಆ್ಯಪಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ. ಪ್ರತಿ ಕೋಣೆಯಲ್ಲೂ ಎಲ್ಲರೂ ಉಸಿರು ಬಿಗಿಹಿಡಿದು ಒಂದು ನಿಮಿಷ ಖಾಲಿ ಸದ್ದು ರೆಕಾರ್ಡ್ ಮಾಡಿ. ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಕಟ್‌ಗಳ ನಡುವಿನ ತೂತನ್ನು ಮುಚ್ಚುವುದು ಇದೇ.

ಆಮೇಲೆ ಸದ್ದಿಗೆ ಅಂತಲೇ ಒಂದು ಪೂರ್ತಿ ರಾತ್ರಿ ಇಡಿ. ಜೀರುಂಡೆ, ದೂರದ ನಾಯಿ, ಹೆಂಚಿನಿಂದ ತೊಟ್ಟಿಕ್ಕುವ ನೀರು, ಅಟ್ಟದ ಹಲಗೆಯ ಕಿರುಗು, ಬಾವಿಯ ರಾಟೆ. ಅದೃಷ್ಟ ಇದ್ದರೆ ಗಾಳಿಯಲ್ಲಿ ತೇಲಿ ಬರುವ ಯಕ್ಷಗಾನದ ಚಂಡೆ. ಒಣಗಿದ ಅಡಿಕೆ ಹಾಳೆಯನ್ನು ಮೈಕಿನ ಹತ್ತಿರ ನಿಧಾನಕ್ಕೆ ಬಗ್ಗಿಸಿದರೆ ಹಳೆಯ ಮಂಚದ ಮೇಲೆ ಯಾರೋ ಮಗ್ಗುಲು ತಿರುಗಿದ ಹಾಗೆ ಕೇಳುತ್ತದೆ. ಬಾಳೆದಿಂಡು ಮುರಿದರೆ ಮೂಳೆ. ಒರಳಿನ ಗುಂಡು ತಿರುಗುವ ಸದ್ದನ್ನು ಆಡಾಸಿಟಿ ಅನ್ನುವ ಉಚಿತ ಸೌಂಡ್ ಸಾಫ್ಟ್‌ವೇರ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ಒಂದು ಸ್ಥಾಯಿ ಕೆಳಗೆ ಹೋಗಿ ನೆಲದೊಳಗಿನ ಗುಡುಗಿನ ಹಾಗಾಗುತ್ತದೆ. ನಮ್ಮ ಚಿತ್ರದ ಹಿನ್ನೆಲೆ ಸಂಗೀತ ಅಷ್ಟೇ. ಇಂಟರ್ನೆಟ್ಟಿನಿಂದ ಸದ್ದು ತೆಗೆದುಕೊಂಡರೆ ಲೈಸೆನ್ಸ್ ಓದಿ, ಸಿನಿಮಾದ ಹಾಡು, ಸಂಗೀತ ಹಾಕಬೇಡಿ.

ಹೆದರಿಸುವ ಜಾಗಕ್ಕೆ ಬರೋಣ. ಜೀರುಂಡೆಗಳು ಹತ್ತಿರ ಯಾರಾದರೂ ಬಂದರೆ ಕೂಗು ನಿಲ್ಲಿಸುತ್ತವೆ, ಹಳ್ಳಿಯಲ್ಲಿ ಬೆಳೆದವರಿಗೆ ಇದು ಮೈಯಲ್ಲೇ ಗೊತ್ತು. ಹಾಗಾಗಿ ದೊಡ್ಡ ಸದ್ದು ಹಾಕುವ ಬದಲು, ನಾಲ್ಕು ನಿಮಿಷದಿಂದ ಕೇಳುತ್ತಿದ್ದ ಜೀರುಂಡೆಯನ್ನು ತಟ್ಟನೆ ನಿಲ್ಲಿಸಿ. ಎಂಟು ಸೆಕೆಂಡ್ ಬಿಡಿ. ಆಗ ಕೂತವರ ಬೆನ್ನು ನೆಟ್ಟಗಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ: ಪೂರ್ತಿ ಶೂನ್ಯ ಮಾಡಿದರೆ ಸ್ಪೀಕರ್ ಕೆಟ್ಟಿತು ಅಂತ ಜನ ಅಂದುಕೊಳ್ಳುತ್ತಾರೆ. ರೂಮ್ ಟೋನ್ ಉಳಿಯಬೇಕು, ನಟನ ಉಸಿರು ಉಳಿಯಬೇಕು, ಜೀರುಂಡೆ ಮಾತ್ರ ಹೋಗಬೇಕು. ಅದಕ್ಕೇ ಅವನ್ನೆಲ್ಲ ಬೇರೆ ಬೇರೆ ಟ್ರ್ಯಾಕಿನಲ್ಲಿ ಇಟ್ಟಿರಬೇಕು.

ಎಡಿಟಿಂಗ್

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಸಾಕು. ಫೋನ್ ವಿಡಿಯೋದಲ್ಲಿ ಫ್ರೇಮ್ ರೇಟ್ ಏರಿಳಿತ ಇದ್ದರೆ ಹೋಗುತ್ತಾ ಹೋಗುತ್ತಾ ಸದ್ದು ತುಟಿಗೆ ಹೊಂದುವುದಿಲ್ಲ. ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಸ್ಥಿರ 25 ಫ್ರೇಮಿಗೆ ಬದಲಿಸಿಕೊಳ್ಳಿ. ಕಣ್ಣು ಮುಚ್ಚಿ ಬರೀ ಸದ್ದಲ್ಲೇ ಇಡೀ ಚಿತ್ರ ಒಮ್ಮೆ ಕೇಳಿ, ಕಥೆ ಗೊತ್ತಾಗದಿದ್ದರೆ ಇನ್ನೂ ಕೆಲಸ ಇದೆ. ನಮ್ಮ ಮೊದಲ ಕಟ್ ಒಂಬತ್ತು ನಿಮಿಷ ಇತ್ತು, ಆರಕ್ಕೆ ಬಂತು. ತೆಗೆದದ್ದೆಲ್ಲ ನಡೆದಾಟ ಮತ್ತು ಮಾತು, ಕಾಯುವ ಶಾಟ್‌ಗಳನ್ನು ಮುಟ್ಟಲಿಲ್ಲ. ಬಣ್ಣ ಮಾಡುವಾಗ ಎಲ್ಲವನ್ನೂ ನೀಲಿ ಮಾಡಬೇಡಿ. ಕಪ್ಪು ಕಪ್ಪಾಗಿರಲಿ, ದೀಪ ಹಳದಿಯಾಗಿರಲಿ.

ಹೆಚ್ಚಿನವರು ಫೋನಿನಲ್ಲೇ ನೋಡುತ್ತಾರೆ. ಫೋನಿನ ಚಿಕ್ಕ ಸ್ಪೀಕರಿನಲ್ಲಿ ತೀರಾ ತಗ್ಗಿನ ಗುಡುಗು ಕೇಳುವುದೇ ಇಲ್ಲ, ನೀವು ಹೆಡ್‌ಫೋನಿನಲ್ಲಿ ಕೇಳಿ ಖುಷಿಪಟ್ಟದ್ದು ಅಲ್ಲಿ ಮಾಯ. ಸೋಗೆಯ ದೊಪ್ ಸದ್ದಿಗೆ ಎಲೆಯ ಚರಚರವನ್ನೂ ಸೇರಿಸಿದೆವು, ಆಗ ಫೋನಿನಲ್ಲೂ ತಲುಪಿತು.

ಮುಗಿಯಿತು ಅನ್ನಿಸಿದಾಗ ಹೊರಗಿನವರಿಗೆ ತೋರಿಸುವ ಮುಂಚೆ ಮನೆ ಕೊಟ್ಟವರಿಗೆ ತೋರಿಸಿ. ನಾವು ಲ್ಯಾಪ್‌ಟಾಪ್ ಹಿಡಿದು ಅದೇ ಜಗುಲಿಗೆ ಹೋದೆವು. ಆ ಮನೆಯ ಅಜ್ಜಿ ಕಂಬಕ್ಕೆ ಒರಗಿ ಆರು ನಿಮಿಷ ಮಾತಾಡದೆ ನೋಡಿದರು. ಆಮೇಲೆ, "ಸೋಗೆ ಹಾಗೆ ಬೀಳಲ್ಲ ಮಾರಾಯ. ಮೊದಲು ಸರ್ ಅಂತ ಜಾರ್ತದೆ, ಆಮೇಲೆ ದೊಪ್" ಅಂದರು. ನಾವು ಹಾಕಿದ್ದು ನೆಲಕ್ಕೆ ಹಾಳೆ ಎತ್ತಿ ಬಡಿದ ಸದ್ದು. ಅವತ್ತು ರಾತ್ರಿ ಅಲ್ಲೇ ಉಳಿದು ಮೈಕನ್ನು ತೋಟದ ಅಂಚಿನಲ್ಲಿ ಇಟ್ಟು ಕಾದೆವು. ಮೂರೂ ಮುಕ್ಕಾಲಿಗೆ ಒಂದು ಬಿತ್ತು. ಆ ಸರ್ ಅನ್ನುವ ಎರಡು ಸೆಕೆಂಡ್ ಸೇರಿಸಿದ ಮೇಲೆ ನಾಲ್ಕನೆಯ ಸದ್ದಿಗೆ ಅಟ್ಟದಿಂದ ಏನೋ ಇಳಿದು ಬರುತ್ತಿದೆ ಅನ್ನಿಸತೊಡಗಿತು.